ಇಬ್ಬರು ಎಂದು ಬರೆಸಿದೆ

ಕರಾಮ, ದುಬೈ
12 ಮೇ 2017, ಶುಕ್ರವಾರ

ಪ್ರೀತಿಯ ಮಗಳೇ ಲವಿಟಾ,

ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲಿನಲ್ಲಿ ಬಿಸಿನೀರು ಕೊಡುತ್ತಾರೆಯೇ? ಜೂಡಿತ್ ಚಿಕ್ಕಮ್ಮ ಕಳಿಸಿದ ಕಷಾಯದ ಪುಡಿಯನ್ನು ಹಾಗೇ ಇಟ್ಟಿರಬೇಡ, ಕುಡಿ. ನಾನು ಪರವಾಗಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಮೊಬೈಲಿನಲ್ಲಿ ಉದ್ದಕ್ಕೆ ಬರೆಯಲು ನನಗೆ ಬಾರದು, ಅದಕ್ಕೇ ಈ ಕಾಗದ. ಅಮ್ಮನನ್ನು ಜೆಬೆಲ್ ಅಲಿಯ ಸ್ಮಶಾನದಲ್ಲಿ ಮಣ್ಣು ಮಾಡಿ ಇವತ್ತಿಗೆ ಹನ್ನೆರಡು ವಾರ. ಪಾಸ್‌ಪೋರ್ಟು ಇಲ್ಲದೆ ನಿನಗೆ ಬರಲಾಗಲಿಲ್ಲ, ಕಡೆಯ ಸಲ ಅವಳ ಮುಖ ನೋಡಲಾಗಲಿಲ್ಲ. ಊರಿಗೆ ತರಲು ಕಾಗದಪತ್ರ ಆಗಲಿಲ್ಲವೆಂದು ಎಷ್ಟು ಹೇಳಿದರೂ ನಿನ್ನ ಸಿಟ್ಟು ಇಳಿದಿಲ್ಲ.

ಇವತ್ತು ಇಗರ್ಜಿಯಿಂದ ಬರುವಾಗ ಕಾಲು ತಾನಾಗಿಯೇ ನಮ್ಮ ಬಿಲ್ಡಿಂಗಿನ ಹಿಂದಿನ ರಾಮೆನ್ ಅಂಗಡಿಗೆ ಹೋಯಿತು. ನೀನು ಅದನ್ನು ನೋಡಿಲ್ಲ, ಕಳೆದ ವರ್ಷ ತೆರೆದದ್ದು. ಜಪಾನಿನವರ ಶಾವಿಗೆ, ಕೋಳಿ ಸಾರು, ಮೇಲೆ ಅರ್ಧ ಮೊಟ್ಟೆ. ಶುಕ್ರವಾರ ಇಲ್ಲಿ ರಜೆಯಲ್ಲವೇ, ಬೀದಿಯವರೆಗೆ ಕ್ಯೂ. ಅಮ್ಮ ಮೊದಲ ಸಲ ಆ ಸಾರು ಕುಡಿದು, "ಒಳ್ಳೆಯದುಂಟು, ಆದರೆ ಎರಡು ಹಸಿಮೆಣಸು ಹಾಕಿದರೆ ಇವರ ಗಂಟು ಹೋಗ್ತದಾ?" ಎಂದಿದ್ದಳು. ಮುಂದಿನ ವಾರದಿಂದ ಅವಳ ಪರ್ಸಿನಲ್ಲೇ ಹಸಿಮೆಣಸು ಇರುತ್ತಿತ್ತು. ನನ್ನ ಮೊಟ್ಟೆಯ ಹಳದಿಯೂ ಅವಳಿಗೇ. "ಕೊಲೆಸ್ಟ್ರಾಲೆಲ್ಲ ನನ್ನ ಪಾಲಿಗಾ?" ಎಂದು ಬೈಯುತ್ತಲೇ ತಿನ್ನುತ್ತಿದ್ದಳು.

ಅಲ್ಲಿ ಬಾಗಿಲಲ್ಲೇ ಹೆಸರು ಬರೆಸಬೇಕು, ಎಷ್ಟು ಜನ ಎಂದೂ ಹೇಳಬೇಕು. ಎಲ್ಲರೂ ಬಂದು ಸೇರದೆ ಒಳಗೆ ಬಿಡುವುದಿಲ್ಲ. ನಾನು ಮೊದಲು ಹೋಗಿ ಬರೆಸುವುದು, ಅವಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಸೇರುವುದು ನಮ್ಮ ರೂಢಿ. ಇವತ್ತೂ ಬಾಯಿಗೆ ಬಂದದ್ದು "ಲಿಯೊನೆಲ್, ಇಬ್ಬರು" ಎಂದೇ. ಸರದಿ ಬಂದಾಗ ಬಾಗಿಲಲ್ಲಿದ್ದ ಫಿಲಿಪಿನೋ ಹುಡುಗಿ, "ಮ್ಯಾಡಮ್ ಎಲ್ಲಿ, ಅಂಕಲ್?" ಎಂದು ಕೇಳಿದಳು. "ದಾರಿಯಲ್ಲಿದ್ದಾಳೆ" ಎಂದುಬಿಟ್ಟೆ. ಅವಳು ಹಿಂದಿನವರನ್ನು ಒಳಗೆ ಬಿಟ್ಟಳು. ಎರಡನೇ ಸಲ ಕರೆದಾಗಲೂ ಅದನ್ನೇ ಹೇಳಿದೆ. ಎದುರಿನ ಮೊಬೈಲ್ ಅಂಗಡಿಯ ಮುಹಿಯುದ್ದೀನ್ ನನ್ನನ್ನು ನೋಡಿ, "ಎಂಥ ಮಾರಾಯ್ರೆ, ಶಾವಿಗೆಗೆ ಇಷ್ಟು ಹೊತ್ತು ಕಾಯುವುದಾ? ಯಲ್ಲಾ, ಬನ್ನಿ, ನಮ್ಮಲ್ಲಿ ಬಿರಿಯಾನಿ ಉಂಟು" ಎಂದು ನಗಿಸಲು ನೋಡಿದ. ನಾನು ಕದಲಲಿಲ್ಲ. ಮೂರನೇ ಸಲ ಆ ಹುಡುಗಿ ಹತ್ತಿರವೇ ಬಂದು ನಿಂತಳು. "ಅವಳು ಬರುವುದಿಲ್ಲಮ್ಮ, ತೀರಿಹೋದಳು" ಎಂದೆ. ಆ ಮಾತನ್ನು ನಾನೇ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಿನಗೂ ತಿಳಿಸಿದ್ದು ಜೂಡಿತ್ ಅಲ್ಲವೇ? ಗೋಡೆಗೆ ಮುಖ ಮಾಡಿದ ಒಂಟಿ ಕುರ್ಚಿ ಸಿಕ್ಕಿತು. ತಿಂದೆ, ಹಳದಿ ಮಾತ್ರ ಬಟ್ಟಲಲ್ಲಿ ಉಳಿಯಿತು.

ಪರೀಕ್ಷೆಗೆ ಓದುತ್ತೇನೆಂದು ಊಟ ಬಿಡಬೇಡ. ಚಿಕ್ಕಮ್ಮನಿಗೆ ನನ್ನ ನೆನಪು ತಿಳಿಸು. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ.

ನಿನ್ನ ಪಪ್ಪ,
ಲಿಯೊನೆಲ್

ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯುತ್ತಿದ್ದೇನೆ. ಕಾಗದಪತ್ರ ಆಗಲಿಲ್ಲ ಎಂದದ್ದು ಸುಳ್ಳು. ಎರಡೇ ದಿನದಲ್ಲಿ ಎಲ್ಲ ಆಗಿತ್ತು, ವಿಮಾನದಲ್ಲಿ ಜಾಗವೂ ಸಿಕ್ಕಿತ್ತು. ಅವಳನ್ನು ಊರಲ್ಲಿ ಬಿಟ್ಟು ಈ ರೂಮಿಗೆ ಒಬ್ಬನೇ ಮರಳುವ ಧೈರ್ಯ ನನಗಿರಲಿಲ್ಲ. ನಾನೇ ಬೇಡವೆಂದೆ. ನಿನ್ನನ್ನು ಕೇಳಲೂ ಇಲ್ಲ. ಎಷ್ಟು ಬೇಕಾದರೂ ಬೈ ಮಗಳೇ, ಫೋನು ಮಾಡಿ ಬೈ.