ಕಪಾಟಿನೊಳಗೆ ಇನ್ನೂ ಅಡಗಿ ಕುಳಿತಿರುವ ಹುಡುಗಿ

ಮಾನ್ಯ ಗ್ರಂಥಾಲಯ ಅಧಿಕಾರಿಗಳೇ,

ನಮ್ಮೂರ ವಾಚನಾಲಯದ ಒಂದು ಪುಸ್ತಕವನ್ನು ನೀವು ಕಪಾಟಿನಲ್ಲಿಟ್ಟು ಬೀಗ ಜಡಿದು, ಚಾವಿಯನ್ನು ಯಾದಗಿರಿಗೆ ಒಯ್ದಿದ್ದೀರಿ. ಆ ಪುಸ್ತಕ ನಮಗೆ ಬೇಕು. ನನಗಿಂತ ಹೆಚ್ಚಾಗಿ ಗೌಹರಬೇಗಂ ಎಂಬ ಹೆಣ್ಣುಮಗಳಿಗೆ ಬೇಕು.

ನಿಮಗೆ ನೆನಪಿರಲಿಕ್ಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಯಹೂದಿ ಹುಡುಗಿಯೊಬ್ಬಳು ಮನೆಯವರ ಜೊತೆ ಅಟ್ಟದ ಮೇಲೆ ಅಡಗಿ ಕುಳಿತು ಬರೆದ ದಿನಚರಿ ಅದು. ಯಾರೋ ಅದನ್ನು, ಸಿಪಾಯಿಗಳು ಅವಳನ್ನು ಹಿಡಿದೊಯ್ದ ಮೇಲಿನದನ್ನೂ ಸೇರಿಸಿ, ಚಿತ್ರಗಳಲ್ಲಿ ಕಥೆ ಮಾಡಿದ್ದಾರೆ. ತಪಾಸಣೆಗೆ ಬಂದ ನೀವು ನಾಲ್ಕು ಹಾಳೆ ತಿರುವಿ, "ಇಂಥ ದುರಂತವನ್ನು ಕಾಮಿಕ್ಸ್ ಮಾಡಿ ಹಾಳು ಮಾಡಿದ್ದಾರೆ, ಓದುವುದಾದರೆ ಮೂಲ ಓದಲಿ" ಎಂದಿರಿ. ಹಾಳೆಯ ಅಂಚಿನಲ್ಲಿದ್ದ ಸುಣ್ಣದ ಬೆರಳಚ್ಚು ಕಂಡು ಮುಖ ಸಿಂಡರಿಸಿದಿರಿ. ಆ ಬೆರಳು ಗೌಹರ ಚಾಚಿಯದು. ಎಲೆ ಅಡಿಕೆ ಹಾಕುವ ಮುದುಕಿ ಪುಸ್ತಕ ಮುಟ್ಟಿದ್ದಾಳೆಂದರೆ ಸಂತೋಷಪಡಬೇಕಾದವರು ತಾವಲ್ಲವೇ?

ಕಾಲುವೆಗೆ ನೀರು ಬಂದ್ ಮಾಡಿದರೆ ನಮಗೆ ನೆಲ್ಲು ಹಚ್ಚುವ ಕೂಲಿ ಇರುವುದಿಲ್ಲ. ಆಗ ನಾವು ಹೆಂಗಸರು ಫ್ಯಾನಿನ ಗಾಳಿಗೆಂದು ವಾಚನಾಲಯಕ್ಕೆ ಬರುತ್ತೇವೆ, ಜ್ಞಾನಾರ್ಜನೆಗೆಂದು ಸುಳ್ಳು ಹೇಳುವುದಿಲ್ಲ. ಚಾಚಿಗೆ ಕನ್ನಡ ಓದಲು ಬಾರದು. ಚಿಕ್ಕಂದಿನಲ್ಲಿ ಮದರಸಾದಲ್ಲಿ ಒಂದಿಷ್ಟು ಉರ್ದು ಅಕ್ಷರ ಕಲಿತವಳು. ಹಾಗಾಗಿ ಪುಸ್ತಕವನ್ನು ಅವಳಿಗೆ ಗೊತ್ತಿದ್ದ ರೀತಿಯಲ್ಲೇ ತೆರೆದಳು: ಕೊನೆಯ ಪುಟದಿಂದ, ಬಲದಿಂದ ಎಡಕ್ಕೆ. ಎರಡು ದಿನ ಒಬ್ಬಳೇ ನೋಡಿ ಮುಗಿಸಿ ನನ್ನನ್ನು ಕರೆದಳು.

"ಮಲ್ಲಿ ಬೇಟಿ, ಏನ್ ಛಲೋ ಕತಿ ಅದ ನೋಡು! ಮೊದಲಿಗಿ ಬರೇ ಹಿಮ, ಮುಳ್ಳುತಂತಿ. ಆಮ್ಯಾಲ ಈ ಹುಡುಗಿ ಬಂದಾಳ. ಸಿಪಾಯಿಗಳು ರೈಲಿನಾಗ ಕುಂಡ್ರಿಸಿ ಮನಿತನಕ ಬಿಟ್ಟಾರ. ಕೋಟಿನ ಮ್ಯಾಲ ಆಕಾಶದಾಗಿನಂಥ ಹಳದಿ ಚಿಕ್ಕಿ ಹೊಲದಿತ್ತಲ್ಲ, ಅವರವ್ವ ಸೂಜೀಲೆ ಬಿಚ್ಚಿ ತಗದಾಳ. ಕಡೀಕ ಗೆಳತ್ಯಾರ ಕೂಡ ಸಾಲಿಗಿ ಹೋಗ್ಯಾಳ."

ಚಾಚಿಯ ಮಗಳು ಶಮೀಮ ದೂರದ ದವಾಖಾನೆಯಲ್ಲಿ ಹೆರಿಗೆಗೆ ಹೋಗಿ ತೀರಿಕೊಂಡವಳು. ಆಗ ಚಾಚಿ ಗದ್ದೆಯಲ್ಲಿದ್ದಳು. ಅಂಥವಳು ನಗುತ್ತಾ ಕುಳಿತಿದ್ದಾಗ ನಾನೇನು ಮಾಡಬೇಕಿತ್ತು, ಹೇಳಿ? ನನಗೆ ಸುಳ್ಳು ಬರುವುದಿಲ್ಲ.

"ಚಾಚಿ, ಇದು ಆ ಕಡಿಯಿಂದ ನೋಡೋ ಪುಸ್ತಕ."

ಅವಳು ಪುಸ್ತಕವನ್ನೂ ನನ್ನನ್ನೂ ನೋಡಿದಳು. "ಹಂಗಂದ್ರ ಆಕಿ ಮನಿಗಿ ಬರಲಿಲ್ಲೇನು?"

"ಇಲ್ಲ, ಚಾಚಿ."

ಪುಸ್ತಕವನ್ನು ತಿರುವಿ ನನ್ನ ಮುಂದಿಟ್ಟು, "ನಾಳಿ ಆ ಕಡಿಯಿಂದ ತೋರ್ಸು. ಪೂರಾ ತೋರ್ಸು. ಯಾರ ಮಗಳಾದ್ರೇನು, ಸಾಯೋ ಹೊತ್ತಿಗಿ ಬಾಜೂಕ ಒಬ್ಬರಾದ್ರೂ ಇರಬೇಕು" ಎಂದಳು.

ಮರುದಿನ ಅರ್ಧ ನೋಡಿದೆವು. ಮೆಟ್ಟಿಲ ಮೇಲೆ ಬೂಟಿನ ಸದ್ದು, ಹುಡುಗಿ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದಾಳೆ, ಅಲ್ಲಿಗೆ ಬಾಗಿಲು ಹಾಕುವ ಹೊತ್ತಾಯಿತು. ಅದರ ಮರುದಿನ ಬೆಳಿಗ್ಗೆ ನೀವು ಬಂದಿರಿ.

ವಾಚನಾಲಯ ನೋಡಿಕೊಳ್ಳುವ ದುರಗಪ್ಪ ಒಳ್ಳೆಯವನು. "ಸಾಹೇಬ್ರು ಚಾವಿ ಒಯ್ದಾರ, ನಾ ಏನ್ ಬೀಗ ಕಚ್ಚಿ ತಗೀಲೇನವಾ?" ಎನ್ನುತ್ತಾ, ತಾವು ಹೇಳಿದ ಅದೇ ಮೂಲ ಪುಸ್ತಕ ಕೊಟ್ಟ. ದಪ್ಪ ಪುಸ್ತಕ, ತುಂಬ ಅಕ್ಷರ. ಚಾಚಿ ಒಂದೊಂದೇ ಹಾಳೆ ತಿರುವುತ್ತಾ ಹೋದಳು. "ಇದರಾಗ ಆಕಿ ಎಲ್ಲಿ ಕುಂತಾಳ?" ಎಂದು ಕೇಳಿದಳು. ತಾವಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ?

ಚಿತ್ರಕಥೆ ದೊಡ್ಡ ದುಃಖವನ್ನು ಸಣ್ಣದು ಮಾಡುತ್ತದೆಂದು ತಮ್ಮ ವಾದ. ಇರಬಹುದು. ಚಿತ್ರದಲ್ಲಿ ಬಿಟ್ಟುಹೋದ ಎಷ್ಟೋ ಮಾತು ಮೂಲದಲ್ಲಿವೆ. ನಾನು ಆಮೇಲೆ ತಡವರಿಸುತ್ತಾ ಓದಿದೆ. ಆದರೆ ಆ ಹುಡುಗಿಯ ಮುಖ ಮೊದಲು ನೋಡಿರದಿದ್ದರೆ ಎರಡನೇ ಪುಟಕ್ಕೇ ಮುಚ್ಚಿಡುತ್ತಿದ್ದೆ, ಶಾಲೆಯ ಪುಸ್ತಕಗಳನ್ನು ಮುಚ್ಚಿಟ್ಟ ಹಾಗೆ. ಅನಕ್ಷರಸ್ಥರು ಚಿತ್ರವನ್ನು ತಪ್ಪು ತಿಳಿಯುತ್ತಾರೆ ಎಂದು ಚಾಚಿಯನ್ನೇ ಬೊಟ್ಟು ಮಾಡಿ ತಾವು ಹೇಳಬಹುದು. ಹೌದು, ತಪ್ಪು ತಿಳಿದಳು. ರೈಲು ಹತ್ತಿಸಿದ ಮಕ್ಕಳು ಮನೆಗೆ ವಾಪಸಾಗುತ್ತಾರೆ ಎಂದು ತಿಳಿದಳು. ಜಗತ್ತು ನಡೆದುಕೊಳ್ಳಬೇಕಾದ ರೀತಿಯನ್ನು ಇಷ್ಟು ಸರಿಯಾಗಿ ತಿಳಿದವರು ತಮ್ಮ ಇಲಾಖೆಯಲ್ಲಿ ಎಷ್ಟು ಜನ ಇದ್ದಾರೆ?

ಈಗ ಕಾಲುವೆಗೆ ನೀರು ಬಿಟ್ಟಿದ್ದಾರೆ. ಗದ್ದೆಯಲ್ಲಿ ಬಗ್ಗಿದಲ್ಲಿಂದಲೇ ಚಾಚಿ ಕೇಳುತ್ತಾಳೆ, "ಚಾವಿ ಬಂತೇನು?" ಮುಂದಿನದನ್ನು ಬಾಯಲ್ಲಿ ಹೇಳಲೇ ಎಂದರೆ ಬೇಡವೆನ್ನುತ್ತಾಳೆ. "ಶಮೀಮಂದೂ ಎಲ್ಲಾರೂ ಬಾಯಿಲೆ ಹೇಳಿದ್ರು. ನಾ ಈಕಿ ಮಾರಿ ಕಣ್ಣಾರೆ ನೋಡಬೇಕು. ಆಕಿ ಅಲ್ಲೇ ಉಸುರು ಹಿಡದು ಕುಂತಾಳ, ನಾವ ಎದ್ದು ಬಂದೇವಿ."

ಆದ್ದರಿಂದ, ಚಾವಿ ಕಳಿಸಿ. ಕಳಿಸಲು ಆಗದಿದ್ದರೆ ತಾವೇ ತಂದು ತೆರೆಯಿರಿ. ಚಾಚಿಯ ಒಂದು ಬದಿ ನಾನು ಕೂರುತ್ತೇನೆ, ಇನ್ನೊಂದು ಬದಿ ಜಾಗವಿದೆ. ಆ ಹಿಮದ ಪುಟ ಬಂದಾಗ ಯಾರೂ ಎದ್ದು ಹೋಗುವಂತಿಲ್ಲ, ಅಷ್ಟೇ ನಮ್ಮ ಷರತ್ತು.

ಇಂತಿ,
ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು, ಕಾಮಿಕ್ಸ್ ಓದಿ ಹಾಳಾದ
ಮಲ್ಲಿಕಮ್ಮ
ದೇವಾಪುರದ ಕಡೆಯವಳು, ಸುರಪುರ ತಾಲ್ಲೂಕು