ಬದುವಿನ ಹುಲ್ಲಿಗೆ ವಿಷ ಹೊಡೆಸಿದ ಸಾವಯವ ಸಾಹೇಬರಿಗೆ

ಸಾವಯವ ಕೃಷಿಯನ್ನು ಬೆಳೆಸುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಸಾವಯವ ದಿನಾಚರಣೆಗೆಂದು ನಮ್ಮ ಹೊಲಕ್ಕೆ ಬಂದ ನಿಮ್ಮ ಕಚೇರಿಯವರು ಅದೇ ಹೊಲದ ಬದುವಿಗೆ ಕಳೆನಾಶಕ ಹೊಡೆದು ಹೋದರು. ಈಗ ಆ ಹೊಲ ಸಾವಯವವಲ್ಲ ಎಂದು ನಿಮ್ಮದೇ ಕಚೇರಿ ಹೇಳುತ್ತಿದೆ. ಇಷ್ಟು ಅಚ್ಚುಕಟ್ಟಾದ ಆಡಳಿತವನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ.

ಹೊಲ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಗೋದುಬಾಯಿಯವರದು. ಮುಂಡಗೋಡ ತಾಲೂಕಿನ ಪಾಳಾದಲ್ಲಿ ಒಂದೂಕಾಲು ಎಕರೆ. ನಿಮ್ಮ ಮಾತು ನಂಬಿ ಅವರು ಯೂರಿಯಾ ಬಿಟ್ಟು ಮೂರನೇ ವರ್ಷ ನಡೆದಿತ್ತು. ಈ ಭತ್ತ ಕೊಯ್ದರೆ ಸಾವಯವ ಪ್ರಮಾಣಪತ್ರ ಕೈಗೆ ಬರುವುದಿತ್ತು. ಮೊದಲು ಇಳುವರಿ ಕುಸಿದಾಗ ಊರವರು ನಕ್ಕರು. ವೈನಿ ಮಾತ್ರ ಬದುವಿನ ಹುಲ್ಲು ಕೊಯ್ದು ಎಮ್ಮೆಗೆ ಹಾಕಿದರು, ಎಮ್ಮೆಯ ಸಗಣಿ ತಿಪ್ಪೆಗೆ ಹಾಕಿದರು, ತಿಪ್ಪೆಯ ಗೊಬ್ಬರ ಹೊಲಕ್ಕೆ ಹೊತ್ತರು. ನಮ್ಮ ಕಡೆಯ ಸಣ್ಣ ರೈತರ ಗೊಬ್ಬರದ ಕಾರ್ಖಾನೆ ಶುರುವಾಗುವುದೇ ಬದುವಿನಿಂದ. ನಿಮ್ಮ ಕಣ್ಣಿಗೆ ಅದು ಕಸ.

ಸಮಾರಂಭದ ಹಿಂದಿನ ವಾರ ಬೆನ್ನಿಗೆ ಪಂಪು ಕಟ್ಟಿಕೊಂಡು ನಿಮ್ಮವರು ಬಂದಾಗ ನಾನೂ ಅಲ್ಲಿದ್ದೆ.

"ಹೊಡೀಬ್ಯಾಡ್ರಿ, ಅದು ನಮ್ಮ ಎಮ್ಮಿ ಮೇವು ಐತಿ. ಬೇಕಾದ್ರ ನಾನ ಕೊಯ್ದು ಸ್ವಚ್ಛ ಮಾಡ್ತೇನಿ," ಎಂದರು ವೈನಿ.

"ಮ್ಯಾಲಿನ ಸಾಹೇಬ್ರು ಬರ್ತಾರವ್ವಾ. ಹುಲ್ಲಾಗ ಹಾವು ಗೀವು ಇದ್ರ ನಮ್ಮ ನೌಕರಿ ಹೋಗ್ತೇತಿ. ಬದುವಿಗೆ ಅಷ್ಟ ಹೊಡೀತೇವಿ, ಭತ್ತಕ್ಕೇನೂ ಆಗೂದಿಲ್ಲ," ಎಂದರು ನಿಮ್ಮವರು.

ಬದು ದಾಟಬಾರದೆಂದು ವಿಷಕ್ಕೂ ಆದೇಶ ಹೊರಡಿಸಿದ್ದಿರೇನು? ಮರುದಿನ ಸುರಿದ ಮಳೆ ಆ ಆದೇಶ ಓದಿರಲಿಲ್ಲ. ಹುಲ್ಲು ಕೆಂಪಾಗಿ ಒಣಗಿತು. ಅದರ ಮೇಲೆ ಹಸಿರು ಕಾರ್ಪೆಟ್ ಹಾಸಿಕೊಂಡು ನಡೆದು ಬಂದು, ಪೆಂಡಾಲಿನಡಿ ನೀವು ಮಣ್ಣಿನ ಆರೋಗ್ಯದ ಬಗ್ಗೆ ಭಾಷಣ ಮಾಡಿದಿರಿ, ವೈನಿಗೆ ಶಾಲು ಹೊದಿಸಿದಿರಿ. ಆಮೇಲೆ ಮಣ್ಣಿನ ಪರೀಕ್ಷೆಯಲ್ಲಿ ಕಳೆನಾಶಕ ಸಿಕ್ಕಿತು. ರೈತ ಮಹಿಳೆಯ ನಿರ್ಲಕ್ಷ್ಯ, ಮೊದಲ ವರ್ಷದಿಂದ ಪುನಃ ಆರಂಭಿಸತಕ್ಕದ್ದು ಎಂದು ತೀರ್ಪು ಕೊಟ್ಟಿರಿ. ಯಾರ ನಿರ್ಲಕ್ಷ್ಯ, ಸ್ವಾಮಿ? ನಿಮ್ಮನ್ನು ಹೊಲಕ್ಕೆ ಬಿಟ್ಟುಕೊಂಡದ್ದೇ?

ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ವೈನಿಗೆ ಸಿಟ್ಟೂ ಬರಲಿಲ್ಲ. "ಸಾಕಾತು ದುರ್ಗಪ್ಪ. ಬರೂ ವರ್ಷ ಯೂರಿಯಾನ ಹಾಕೂಣು," ಎಂದರು. ನನಗೆ ಹೆದರಿಕೆಯಾದದ್ದು ಆ ಮಾತಿಗೆ.

ಸಿಂಪಡಿಸಿದ್ದು ನಿಮ್ಮ ಕಚೇರಿಯೇ ಎಂದು ಬಹಿರಂಗವಾಗಿ ಒಪ್ಪಿಕೊಳ್ಳಿ. ವಿಷ ಹರಿದ ಅಂಚನ್ನು ಬಿಟ್ಟು ಉಳಿದ ಹೊಲಕ್ಕೆ ಅವರು ದುಡಿದ ವರ್ಷಗಳನ್ನು ಮರಳಿಸಿ. ಬರುವ ಬಿತ್ತನೆಗೆ ಮುಂಚೆ ಇದಾಗಬೇಕು. ಇಲ್ಲವಾದರೆ ವೈನಿ ನನ್ನನ್ನು ಗೊಬ್ಬರದ ಅಂಗಡಿಗೆ ಕಳಿಸುತ್ತಾರೆ. ನಾನು ಹೋಗುತ್ತೇನೆ. ಬೇಡ ಎನ್ನಲು ನೀವು ನನಗೆ ಯಾವ ಮಾತನ್ನೂ ಉಳಿಸಿಲ್ಲ.

ಇಂತಿ,
ನಿಮ್ಮ ಸಮಾರಂಭಕ್ಕೆ ಖುರ್ಚಿ ಹೊತ್ತು ಹಾಕಿದ
ದುರ್ಗಪ್ಪ, ಪಾಳಾ