ದಿಂಬಿನ ಕೆಳಗಿನ ಮೋಟಾರು

ಫೆಬ್ರವರಿ ೧೧

ಮುದ್ದಿನ ತಂಗಿ,

ಹೇಗಿದ್ದೀಯೆ? ವಾಂತಿ ಕಡಿಮೆಯಾಯಿತೇ? ನಿನ್ನ ಸಿಹಿಸುದ್ದಿಯ ಪತ್ರ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಬೈದುಕೊಂಡಿರುತ್ತೀಯ, ಬೈದುಕೋ. ಸಂಜೆ ತರಗತಿಯ ಗಡಿಬಿಡಿಯಲ್ಲಿ ಪುರುಸೊತ್ತೇ ಆಗಲಿಲ್ಲ ಎಂದು ಸದ್ಯಕ್ಕೆ ನಂಬು.

ಲಾಂಡ್ರಿಯ ಮೇಲಿನ ಆ ಕೋಣೆ ನಿನಗೆ ನೆನಪಿರಬೇಕು. ಶಾಲೆ ಬಿಟ್ಟ ಮೇಲೆ ಹೋಗಲು ಬೇರೆ ಜಾಗವಿಲ್ಲದ ಹಿಂದಿನ ಬೀದಿಯ ಮಕ್ಕಳು ಅಲ್ಲಿಗೆ ಬರುತ್ತಾರೆ. ಕೆಟ್ಟ ಫೋನು, ಮುರಿದ ಆಟಿಕೆ ಬಿಚ್ಚಿ ಹೊಸದೇನಾದರೂ ಮಾಡಲು ಕಲಿಸುತ್ತೇನೆ. ಅವರಲ್ಲಿ ಒಬ್ಬಳಿಗೆ ನಾನಿಟ್ಟ ಹೆಸರು ತರಲೆ. ಹತ್ತು ವರ್ಷದವಳು, ಬಾಯಿ ಮುಚ್ಚುವುದು ಬೆಸುಗೆ ಹಾಕುವಾಗ ಮಾತ್ರ.

ಈಚೆಗೆ ಅವಳು ಬಾಗಿಲು ತೆರೆದರೆ ಕೂಗಿಕೊಳ್ಳುವ ಬಜರ್ ಮಾಡಿದಳು. ನಿಮ್ಮ ಮನೆಯಲ್ಲಿ ಕಳ್ಳ ಕದಿಯುವಂಥದ್ದು ಏನಿದೆಯೇ ಎಂದು ರೇಗಿಸಿದೆ. ಅವಳು ತಲೆಯೆತ್ತಲಿಲ್ಲ.

"ಕಳ್ಳರಿಗಲ್ಲ ಮಿಸ್. ಅಮ್ಮ ಬರೋದು ಗೊತ್ತಾಗ್ಲಿ ಅಂತ."

ಅವಳ ತಾಯಿ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ, ಸದಾ ರಾತ್ರಿ ಪಾಳಿ. ಬೆಳಕು ಹರಿಯುವ ಮೊದಲು ಬಂದು ಮಲಗುತ್ತಾಳೆ. ಮಗಳು ಶಾಲೆಗೆ ಹೊರಡುವಾಗ ಅವಳಿಗೆ ಗಾಢನಿದ್ದೆ. ಮಗಳು ನನ್ನ ತರಗತಿ ಮುಗಿಸಿ ಮನೆ ಸೇರುವಷ್ಟರಲ್ಲಿ ಅವಳು ಹೊರಟಾಗಿರುತ್ತದೆ. ಒಂದೇ ಹಾಸಿಗೆಯಲ್ಲಿ ಮಲಗುವ ಇಬ್ಬರು ಬಾಯಿ ತುಂಬ ಮಾತಾಡುವುದು ರಜೆಯ ದಿನ ಮಾತ್ರ, ನೋಡು.

ಬಜರ್ ಮನೆಗೆ ಹೋದ ಎರಡೇ ದಿನಕ್ಕೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ, ತಾಯಿಯೇ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ತರಗತಿಗೆ ಬಂದಳು. ಅಕ್ಕಪಕ್ಕದವರೆಲ್ಲ ಎದ್ದು ಬಂದರಂತೆ. ತನ್ನ ಮನೆ ಬಾಗಿಲಲ್ಲಿ ತಾನೇ ಕಳ್ಳಿಯ ಹಾಗೆ ನಿಂತಿದ್ದಳಂತೆ. ತಂತಿ ಕಿತ್ತುಹಾಕಿದ್ದಕ್ಕೆ ಮಗಳು ಮಾತು ಬಿಟ್ಟಿದ್ದಾಳೆ ಎಂದು ದೂರಿದಳು.

"ಇವಳ ನಿದ್ದೆ ಕೆಡಬಾರದು ಅಂತ ಚಪ್ಪಲಿ ಕೈಲಿ ಹಿಡ್ಕೊಂಡು ಒಳಗೆ ಬರ್ತೀನಿ ಮೇಡಂ."

"ಅದಕ್ಕೇ ನಂಗೆ ಗೊತ್ತೇ ಆಗ್ತಿರ್ಲಿಲ್ಲ," ಎಂದಳು ತರಲೆ.

ಆ ತಾಯಿಯ ಮುಖ ನೋಡಲು ನನ್ನಿಂದ ಆಗಲಿಲ್ಲ. ತರಲೆ ಎದ್ದು ಹೋಗಿ ಕೆಟ್ಟ ಫೋನುಗಳ ಡಬ್ಬಿ ತಡಕಾಡಿ, ಫೋನನ್ನು ನಡುಗಿಸುವ ಪುಟ್ಟ ಮೋಟಾರು ಹೆಕ್ಕಿ ತಂದಳು. ಬಜರಿನ ಬದಲು ಇದನ್ನು ದಿಂಬಿನ ಕೆಳಗೆ ಇಟ್ಟುಕೊಂಡರೆ ಎಚ್ಚರವಾಗುವುದು ತನಗೊಬ್ಬಳಿಗೇ ಎಂದಳು. ತಾಯಿ ತಂತಿ ಹಿಡಿದಳು, ಮಗಳು ಕೈ ಅಲ್ಲಾಡಿಸಬೇಡ ಎಂದು ಗದರುತ್ತ ಬೆಸುಗೆ ಹಾಕಿದಳು. ನನಗೆ ಕೆಲಸವೇ ಇರಲಿಲ್ಲ.

ಈಗ ಬೆಳಗಿನ ಜಾವ ಇಬ್ಬರೂ ಒಂದಿಷ್ಟು ಹರಟಿ ಮತ್ತೆ ಮಲಗುತ್ತಾರಂತೆ. ತರಲೆ ತರಗತಿಯಲ್ಲಿ ಆಕಳಿಸುತ್ತಾಳೆ. ನಾನು ಏನೂ ಅನ್ನುವುದಿಲ್ಲ.

ಹೊತ್ತುಹೊತ್ತಿಗೆ ಊಟ ಮಾಡು, ಭಾರ ಎತ್ತಬೇಡ. ನೀನೂ ನಿನ್ನ ಹೊಟ್ಟೆಯೊಳಗಿನ ಕೂಸೂ ನೂರ್ಕಾಲ ತಣ್ಣಗಿರಿ.

ನಿನ್ನ ಅಕ್ಕ

ತಾ.ಕ.: ನಿನ್ನ ಪತ್ರ ಬಂದ ದಿನ ನಾನೂ ನಿನ್ನ ಭಾವನೂ ಡಾಕ್ಟರ ಬಳಿಯಿಂದ ಆಗಷ್ಟೇ ಮರಳಿದ್ದೆವು. ಮಕ್ಕಳಾಗಲೆಂದು ಮಾಡಿಸಿದ ಚಿಕಿತ್ಸೆ ಇನ್ನು ಸಾಕು, ಫಲವಿಲ್ಲ ಎಂದರು. ಆಮೇಲೆ ಎಷ್ಟು ಸಲ ಪೆನ್ನು ಹಿಡಿದರೂ 'ಸಂತೋಷವಾಯಿತು' ಎಂದು ಬರೆಯಲಾಗಲಿಲ್ಲ. ಸುಳ್ಳು ಬರೆಯಲು ನೀನೇನು ಹೊರಗಿನವಳೇ? ಇವತ್ತು ಬರೆಯುತ್ತಿದ್ದೇನೆ, ಸಂತೋಷವಾಯಿತು ಕಣೇ. ಹೆರಿಗೆಗೆ ನಾನೇ ಬರುತ್ತೇನೆ. ಬಂದ ಕೂಡಲೇ ಮಗುವನ್ನು ನನ್ನ ಕೈಗೆ ಕೊಡಬೇಡ. ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತೇನೆ, ಆಮೇಲೆ ಕೊಡು.